ನಾಲ್ಕನೇ ತರಗತಿ ಪಾಸಾದ ಪುಟ್ಟತಾಯಮ್ಮ

ಓದುಗರ ಕೂಟದ ಕೈಚೀಲ ಆ ಶುಕ್ರವಾರ ನನ್ನ ಮೇಜಿಗೆ ಬಂದಾಗ ನಾನು ಖುಷಿಪಟ್ಟಿದ್ದೆ. ಈಗ ಅದನ್ನು ಹೇಳಿಕೊಳ್ಳುವುದಕ್ಕೂ ನಾಚಿಕೆಯಾಗುತ್ತದೆ.

ಖಾದಿ ಬಟ್ಟೆಯ ಚೀಲ. ಒಳಗೆ ಒಂದು ಪುಸ್ತಕ, ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್. ದೆಹಲಿಯ ಬೇರೆ ಬೇರೆ ಕಚೇರಿಗಳಲ್ಲಿ ಕೆಲಸ ಮಾಡುವ ಹನ್ನೊಂದು ಕನ್ನಡದ ಮನೆಗಳನ್ನು ಈ ಚೀಲ ಸುತ್ತುತ್ತದೆ. ಒಂದೊಂದು ಮನೆಯಲ್ಲಿ ನಾಲ್ಕೈದು ದಿನ. ಕಥೆ, ಕಾದಂಬರಿಗಳಿಗೆ ಇದರಲ್ಲಿ ಜಾಗವಿಲ್ಲ. ಯಾರದಾದರೂ ಜೀವನಚರಿತ್ರೆ, ಇತಿಹಾಸ, ಶಾಲೆ ಶಿಕ್ಷಣದ ವಿಚಾರ, ಇಂಥವು ಮಾತ್ರ. ಓದಿದವರು ತಮ್ಮ ಅಭಿಪ್ರಾಯವನ್ನು ನೋಟ್‌ಬುಕ್ಕಿನಲ್ಲಿ ಬರೆದು ಮುಂದಿನ ಮನೆಗೆ ದಾಟಿಸಬೇಕು. ಹನ್ನೊಂದೂ ಮನೆ ಮುಗಿದ ಮೇಲೆ ವಸಂತ್ ಕುಂಜ್‌ನಲ್ಲಿರುವ ದಕ್ಷಿಣಾಮೂರ್ತಿಯವರ ಫ್ಲ್ಯಾಟಿನಲ್ಲಿ ಎಲ್ಲರೂ ಸೇರಿ, ಉಪ್ಪಿಟ್ಟು ತಿಂದು, ಅಭಿಪ್ರಾಯಗಳನ್ನು ಓದಿಸಿ ಕೇಳುವುದು.

ನಿಯಮ ಒಂದೇ. ಹೆಸರು ಬರೆಯಕೂಡದು.

ಆ ನಿಯಮ ಮಾಡಿದವರೂ ದಕ್ಷಿಣಾಮೂರ್ತಿಯವರೇ. ಅವರು ಜಾಯಿಂಟ್ ಸೆಕ್ರೆಟರಿ. ಕೂಟದಲ್ಲಿ ಅವರಂಥ ಸಾಹೇಬರೂ ಇದ್ದಾರೆ, ನನ್ನಂಥ ಅಸಿಸ್ಟೆಂಟುಗಳೂ ಇದ್ದಾರೆ. ದೆಹಲಿಯ ಕನ್ನಡಿಗರು ಮನೆಗೆ ಬಂದರೂ ಕಚೇರಿಯ ಕುರ್ಚಿಯನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತಾರೆ. ಸಾಹೇಬರು ಮೆಚ್ಚಿದ ಪುಸ್ತಕವನ್ನು ಗುಮಾಸ್ತ ಕೆಟ್ಟದ್ದು ಎನ್ನಲಾರ. "ಹೆಸರಿಲ್ಲ ಅಂದ್ರೆ ಭಯವೂ ಇಲ್ಲ ನೋಡಿ" ಎಂದು ಅವರು ಹೇಳಿದಾಗ ನಾವೆಲ್ಲ ಎಷ್ಟು ದೊಡ್ಡ ಮನುಷ್ಯರಪ್ಪಾ ಎಂದುಕೊಂಡಿದ್ದೆವು.

ಭಯ ಹೋಗಿತ್ತೋ ಇಲ್ಲವೋ, ಗುಟ್ಟಂತೂ ಉಳಿದಿರಲಿಲ್ಲ. ಹತ್ತು ವರ್ಷ ಇಂಥ ನೋಟ್‌ಬುಕ್ಕುಗಳಲ್ಲಿ ಬರೆದವರ ಕೈಬರಹ ಯಾರಿಗೆ ತಾನೇ ಗೊತ್ತಿರುವುದಿಲ್ಲ? ನನ್ನದನ್ನಂತೂ ಕಣ್ಣು ಮುಚ್ಚಿಕೊಂಡೂ ಹೇಳಬಹುದು. ನಾನು ಬರೆಯುತ್ತಿದ್ದದ್ದು ಘಾಜಿಯಾಬಾದಿಗೆ ವಾಪಸಾಗುವ ಚಾರ್ಟರ್ಡ್ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ. ಯಮುನಾ ಸೇತುವೆ ದಾಟುವಾಗ ಬಸ್ಸು ಕುಲುಕಿದರೆ ಅಕ್ಷರವೂ ಕುಲುಕುತ್ತಿತ್ತು. "ಇದು ಬಸ್ಸಿನಲ್ಲಿ ಬಂದ ಅಭಿಪ್ರಾಯ" ಎಂದು ದಕ್ಷಿಣಾಮೂರ್ತಿಯವರೇ ಎಷ್ಟೋ ಸಲ ನಗೆಯಾಡಿದ್ದರು.

ಆ ಶುಕ್ರವಾರ ಚೀಲದಲ್ಲಿ ಬಂದದ್ದು ಅವರದೇ ಪುಸ್ತಕ. ಮೂವತ್ತು ವರ್ಷ ತಾವು ಓದಿದ ಜೀವನಚರಿತ್ರೆ, ಇತಿಹಾಸಗಳ ಬಗ್ಗೆ ಅವರು ಬರೆದ ಅನಿಸಿಕೆಗಳು. ಹೋದ ತಿಂಗಳು ಚಾಣಕ್ಯಪುರಿಯಲ್ಲಿ ಬಿಡುಗಡೆಯಾಗಿ ಶಾಲು, ಹಾರ ಎಲ್ಲ ಆಗಿತ್ತು. ನಾನು ಅವ್ವನಿಗೆ ಜ್ವರವೆಂದು ಹೋಗಿರಲಿಲ್ಲ. ಬಸ್ಸು ಹತ್ತಿ, ಜನವರಿಯ ಚಳಿಗೆ ಸ್ವೆಟರಿನ ಮೇಲೆ ಶಾಲು ಹೊದ್ದು ಓದಲು ಕೂತೆ. ಅರವತ್ತೊಂದನೇ ಪುಟಕ್ಕೆ ಬಂದೆ.

ಆ ಪುಟದಲ್ಲಿ ನನ್ನ ಅವ್ವ ಇದ್ದಳು.

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಅವ್ವನ ಹೆಸರು ಪುಟ್ಟತಾಯಮ್ಮ. ಮಂಡ್ಯದ ಕಡೆಯವಳು. ನನ್ನ ಗಂಡ ತೀರಿಕೊಂಡ ಮೇಲೆ ನನಗೆ, ನನ್ನ ಮಗಳು ಹರಿಣಿಗೆ ಜೊತೆಯಾಗಿರಲು ಬಂದವಳು ಇಲ್ಲೇ ಉಳಿದಳು. ನಮ್ಮ ಬಳಗದಲ್ಲೆಲ್ಲ ಅವಳು ಓದಿದ ಹೆಂಗಸು. ನಾಲ್ಕನೇ ತರಗತಿ ಪಾಸು. ಓದಿದ ಹುಡುಗಿಯೇ ಬೇಕೆಂದು ಹಟ ಹಿಡಿದು ಅಪ್ಪ ಅವಳನ್ನು ಮದುವೆಯಾದದ್ದು. ಶಾಲೆಯ ಸರ್ಟಿಫಿಕೇಟು ಇಂದಿಗೂ ಅವಳ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗಿದೆ. ನಾನು ಕಚೇರಿಯಿಂದ ತರುವ ಎರಡು ದಿನ ಹಳೆಯ ಕನ್ನಡ ಪೇಪರನ್ನು ದಿನಾ ಬೆಳಿಗ್ಗೆ ಬಾಲ್ಕನಿಯ ಬಿಸಿಲಿನಲ್ಲಿ ಬಿಡಿಸಿಕೊಂಡು ಕೂರುತ್ತಿದ್ದಳು. ಆಮೇಲೆ "ಕಣ್ಣು ಮಂಜು ಕಣವ್ವ, ಇದೊಂದು ಓದು" ಎಂದು ನನ್ನಿಂದ ಓದಿಸುತ್ತಿದ್ದಳು.

ಮೂರು ವರ್ಷದ ಹಿಂದೆ ಆ ಮಂಜು ಕಣ್ಣಿಗೆ ಆಪರೇಷನ್ ಮಾಡಿಸಿದೆ. ಪಟ್ಟಿ ಬಿಚ್ಚಿಸಿಕೊಂಡು ಆಟೋದಲ್ಲಿ ಬರುವಾಗ ನಾನು ಹುರುಪಿನಲ್ಲಿ, "ಇನ್ನು ನೀನೇ ಪೇಪರ್ ಓದ್ಕೋಬೋದು ನೋಡವ್ವ" ಅಂದೆ. ಅವಳು ಅಳತೊಡಗಿದಳು. ಆ ಆಟೋದ ಸದ್ದಿನಲ್ಲಿ, ನನ್ನ ಕಿವಿಯ ಹತ್ತಿರ ಬಾಗಿ, ಅರವತ್ತು ವರ್ಷ ಗಂಡನಿಗೂ ಹೇಳದ್ದನ್ನು ಹೇಳಿದಳು.

ಅವಳು ಶಾಲೆಗೆ ಹೋದದ್ದು ಮೂರೇ ದಿನ. ನಾಲ್ಕನೆಯ ದಿನ ಮೇಷ್ಟ್ರ ಹೆಂಡತಿ ಅವಳನ್ನು ಹಿತ್ತಲಿಗೆ ಕರೆದು ಪಾತ್ರೆ ತೋರಿಸಿದಳು. ಶಾಲೆ ನಡೆಯುತ್ತಿದ್ದದ್ದು ಮೇಷ್ಟ್ರ ಮನೆಯ ಜಗಲಿಯಲ್ಲೇ. ಹೆಣ್ಣುಮಕ್ಕಳ ಲೆಕ್ಕ ತೋರಿಸದಿದ್ದರೆ ಶಾಲೆ ಮುಚ್ಚಿಬಿಡುತ್ತಾರೆಂಬ ಭಯ ಮೇಷ್ಟ್ರಿಗೆ. ಅವರು ಜಗಲಿಯಲ್ಲಿ ಹಾಜರಿ ಕೂಗಿದರೆ ಇವಳು ಹಿತ್ತಲಿನಿಂದ, ಬೂದಿ ಹತ್ತಿದ ಕೈಯಲ್ಲೇ, "ಬಂದಿವ್ನಿ ಸಾ" ಎಂದು ಕೂಗಬೇಕು. ಹೀಗೆ ನಾಲ್ಕು ವರ್ಷ. ಇನ್ಸ್‌ಪೆಕ್ಟರು ಬಂದ ದಿನ ಒಗೆದ ಲಂಗ ಉಡಿಸಿ ಮುಂದೆ ಕೂರಿಸುತ್ತಿದ್ದರು. ಬಾಯಿಪಾಠ ಮಾಡಿಸಿದ್ದ ಒಂದು ಪಾಠವನ್ನು ಪುಸ್ತಕ ಹಿಡಿದು ಒಪ್ಪಿಸುತ್ತಿದ್ದಳು. ಕಡೆಗೆ ಮೇಷ್ಟ್ರು ಋಣ ತೀರಿಸುವವರ ಹಾಗೆ ಸರ್ಟಿಫಿಕೇಟು ಬರೆದುಕೊಟ್ಟರು.

"ನಿನ್ನಲ್ಲೇ ಇರ್ಲಿ ಕಣವ್ವ" ಎಂದು ಕೈ ಹಿಡಿದುಕೊಂಡಳು. "ಹರಿಣಿಗಂತೂ ಬ್ಯಾಡ."

"ನಿನ್ನಾಣೆ, ಯಾರಿಗೂ ಹೇಳಲ್ಲ" ಅಂದೆ.

ಎರಡು ತಿಂಗಳಾದ ಮೇಲೆ ಕೂಟದ ಚೀಲದಲ್ಲಿ ಹಳೇ ಮೈಸೂರು ಸೀಮೆಯ ಶಾಲೆಗಳ ಚರಿತ್ರೆಯೊಂದು ಬಂತು. ಪುಟಗಟ್ಟಲೆ ಕೋಷ್ಟಕ. ಇಂಥ ವರ್ಷ ಇಷ್ಟು ಸಾವಿರ ಹೆಣ್ಣುಮಕ್ಕಳು ಶಾಲೆಗೆ ಬಂದರು ಎಂಬ ಸಂಭ್ರಮ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಸಾವಿರದಲ್ಲಿ ನಮ್ಮವ್ವನೂ ಒಂದು ಅಂಕಿಯಲ್ಲವೇ? ಬಸ್ಸು ಇಳಿಯುವಷ್ಟರಲ್ಲಿ ಮೂರು ಪುಟ ಬರೆದಿದ್ದೆ. ಹಿತ್ತಲು, ಬೂದಿ, "ಬಂದಿವ್ನಿ ಸಾ", ಎಲ್ಲ. ಹೆಸರಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಸಲದ ಸಭೆಯಲ್ಲಿ ದಕ್ಷಿಣಾಮೂರ್ತಿಯವರು ಅದನ್ನು ಎರಡು ಸಲ ಓದಿಸಿದರು. ಯಾರೂ ನನ್ನ ಕಡೆ ನೋಡಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ನನ್ನ ಗೆಳತಿ ಪದ್ಮಾ ಅಡುಗೆಮನೆಯಲ್ಲಿ ನನ್ನನ್ನು ತಬ್ಬಿಕೊಂಡು ಅತ್ತಳು. ಆ ದಿನ ನನಗೆ ಎಂಥ ಹೆಮ್ಮೆಯಾಗಿತ್ತು!

ಈಗ ಅರವತ್ತೊಂದನೇ ಪುಟದಲ್ಲಿ ಅದೇ ಮೂರು ಪುಟಗಳು ಅಚ್ಚಾಗಿದ್ದವು. "ಬಂದಿವ್ನಿ ಸಾ" ಎಂಬುದು "ಬಂದಿದ್ದೇನೆ ಸಾರ್" ಆಗಿತ್ತು. ಉಳಿದಂತೆ ಬದಲಾದದ್ದು ಒಂದೇ ಮಾತು. ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದ ಹುಡುಗಿ ಈಗ "ನನ್ನನ್ನು ಹೆತ್ತ ತಾಯಿ" ಆಗಿದ್ದಳು. ದಕ್ಷಿಣಾಮೂರ್ತಿಯವರ ತಾಯಿಯನ್ನು ನಾನು ಬಲ್ಲೆ. ಮೈಸೂರಿನಲ್ಲಿ ಹೈಸ್ಕೂಲು ಓದಿ, ವೀಣೆ ನುಡಿಸುತ್ತಿದ್ದ ಮಹಾತಾಯಿ.

ನೋಟ್‌ಬುಕ್ ತೆಗೆದೆ. ನನಗಿಂತ ಮುಂಚೆ ಆರು ಮನೆಯವರು ಓದಿ ಬರೆದಿದ್ದರು. ಆರೂ ಜನ ಆ ಪುಟವನ್ನೇ ಹೊಗಳಿದ್ದರು. ದೇವೇಂದ್ರಪ್ಪನವರ ಬಾಗಿದ ಅಕ್ಷರ: "ಲೇಖಕರ ಮಾತೃಭಕ್ತಿ ಮನ ಕಲಕುತ್ತದೆ." ಏಕನಾಥನ ಹಸಿರು ಶಾಯಿ: "ಇಂಥ ತಾಯಿಯ ಮಗ ಇಂಥ ಎತ್ತರಕ್ಕೆ ಏರಿದ್ದು ನಮ್ಮೆಲ್ಲರ ಭಾಗ್ಯ." ಎಲ್ಲಕ್ಕಿಂತ ಕೆಳಗೆ ದುಂಡನೆಯ, ಮುದ್ದಾದ ಬರಹ. "ಪುಟ ೬೧ ಓದಿ ಕಣ್ಣು ತುಂಬಿ ಬಂತು. ಸಾಹೇಬರ ತಾಯಿಯವರಿಗೆ ನನ್ನ ನಮಸ್ಕಾರ." ಅದು ಪದ್ಮಾ. ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತವಳು.

ಶನಿವಾರ ದಕ್ಷಿಣಾಮೂರ್ತಿಯವರಿಗೆ ಫೋನ್ ಮಾಡಿದೆ. ಅವರು ಒಂದಿಷ್ಟೂ ತಡವರಿಸಲಿಲ್ಲ.

"ಅಚ್ಛಾ, ಅದು ನಿಮ್ಮದಾ ಸುಮಿತ್ರಾ? ಹೆಸರಿರಲಿಲ್ಲ ನೋಡಿ. ಕೂಟದ್ದೇ ಮಾತು ಅಂತ ತಗೊಂಡೆ. ಬರವಣಿಗೆಗೆ ಒಂದು ಆಪ್ತತೆ ಬರ್ಲಿ ಅಂತ ಸ್ವಲ್ಪ ತಿದ್ದಿದೆ, ಅಷ್ಟೇ."

"ಅದು ನಮ್ಮವ್ವನ ಜೀವನ, ಸರ್."

"ಹಾಗಾದ್ರೆ ಏನೂ ತೊಂದ್ರೆ ಇಲ್ಲಮ್ಮಾ. ಎರಡನೇ ಮುದ್ರಣ ಬರ್ತಾ ಇದೆ. ತಿದ್ದುಪಡಿ ಹಾಕಿಸಿಬಿಡ್ತೀನಿ. ಇದು ಘಾಜಿಯಾಬಾದಿನ ಸುಮಿತ್ರಾ ಅವರ ತಾಯಿಯ ಕಥೆ ಅಂತ. ತಾಯಿಯವರ ಪೂರ್ತಿ ಹೆಸರು, ಊರು ಹೇಳಿ. ಬರ್ಕೊಳ್ಳಲಾ?"

ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ನಾನು ಹೇಳಲಾರೆನೆಂದು ಅವರಿಗೆ ಗೊತ್ತಿತ್ತು. ಏಕೆಂದರೆ ನಾನು ಬರೆದ ಮೂರನೇ ಪುಟದ ಕೊನೆಯ ಸಾಲು ಹೀಗಿತ್ತು: "ಇದನ್ನು ಯಾರಿಗೂ ಹೇಳಬಾರದೆಂದು ಆಕೆ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ." ಆ ಸಾಲನ್ನು ಮಾತ್ರ ಅವರು ಅಚ್ಚು ಮಾಡಿಸಿರಲಿಲ್ಲ.

"ಯೋಚನೆ ಮಾಡಿ ಹೇಳ್ತೀನಿ, ಸರ್" ಎಂದೆ. ಆಗಲೂ ಸರ್ ಎಂದೆ. ಇಪ್ಪತ್ತೆಂಟು ವರ್ಷದ ಅಭ್ಯಾಸ, ಹಾಳಾದ್ದು.

ಭಾನುವಾರ ಬೆಳಿಗ್ಗೆ ಇನ್ನು ತಡೆಯಲಾಗಲಿಲ್ಲ. ಪದ್ಮಾಗೆ ಫೋನ್ ಹಚ್ಚಿದೆ.

"ಗೊತ್ತಿತ್ತು ಕಣೆ" ಎಂದಳು ಅವಳು, ಸಣ್ಣ ದನಿಯಲ್ಲಿ. "ಓದಿದ ತಕ್ಷಣ ಗೊತ್ತಾಯ್ತು. ಏನ್ ಮಾಡ್ಲಿ ಹೇಳು? ನಮ್ಮೋರು ಅವರ ಕೈಕೆಳಗೇ ಇದಾರೆ. ಪ್ರಮೋಷನ್ ಫೈಲು ಅವರ ಮೇಜಿನ ಮೇಲಿದೆ. ಎಲ್ಲರೂ ಹೊಗಳಿರೋವಾಗ ನಾನೊಬ್ಳೇ ಸುಮ್ಮನಿದ್ರೆ ಗೊತ್ತಾಗಲ್ವಾ, ನನ್ನ ಅಕ್ಷರ ಅಂತ?"

"ಅದಕ್ಕೆ ಅವರಮ್ಮನಿಗೆ ನಮಸ್ಕಾರ ಹಾಕಿದ್ಯಾ?"

"ಚಲೋ, ಬಿಡೆ ಈಗ. ಯಾರಮ್ಮ ಆದ್ರೇನು? ವಿಷಯ ನಾಲ್ಕು ಜನಕ್ಕೆ ಮುಟ್ಟಿತಲ್ಲ."

ನನಗೆ ಸಿಟ್ಟು ಬಂದರೆ ಎದುರಿಗೆ ಗೋಡೆ ಇದೆಯೋ ಮನುಷ್ಯರಿದ್ದಾರೋ ಕಾಣಿಸುವುದಿಲ್ಲ. ಚಿಕ್ಕಂದಿನಿಂದಲೂ ಹಾಗೆಯೇ.

"ಯಾರಮ್ಮ ಆದ್ರೇನಾ?" ಎಂದು ಕಿರುಚಿದೆ. "ಪಾತ್ರೆ ಉಜ್ಜಿದ್ದು ನಮ್ಮವ್ವ ಕಣೇ! ನಾಲ್ಕು ವರ್ಷ ಹಿತ್ತಲಲ್ಲಿ ನಿಂತು ಹಾಜರಿ ಹೇಳಿದ್ದು ನಮ್ಮವ್ವ! ಇವತ್ತಿಗೂ ಒಂದಕ್ಷರ ಓದಕ್ಕೆ ಬರದೇ ಪೇಪರ್ ಹಿಡ್ಕೊಂಡು ಕೂರೋದು ನಮ್ಮವ್ವ! ಅವರಮ್ಮ ಅಲ್ಲ!"

ಫೋನ್ ಕುಕ್ಕಿ ತಿರುಗಿದೆ.

ಬಾಲ್ಕನಿಯ ಬಾಗಿಲು ತೆರೆದೇ ಇತ್ತು. ಅವ್ವ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಬಿಡಿಸಿ ಕೂತಿದ್ದಳು. ಪಕ್ಕದಲ್ಲಿ ಹರಿಣಿ, ಕೈಯಲ್ಲಿ ಚಹಾ.

"ಅಮ್ಮ, ವಾಟ್ ಆರ್ ಯೂ ಸೇಯಿಂಗ್?" ಎಂದಳು ಹರಿಣಿ. ಅಜ್ಜಿಯ ಕಡೆ ತಿರುಗಿದಳು. "ಅಜ್ಜೀ, ನಿಮಗೆ ಪಢ್‌ನಾ ಬರಲ್ವಾ? ಫೋರ್ತ್ ಪಾಸ್ ಅಲ್ವಾ ನೀವು? ನಾನು ಸ್ಕೂಲಲ್ಲಿ ಎಸ್ಸೇ ಬರ್ದಿದ್ದೆ, ನಿಮ್ ಮೇಲೆ..."

ಅವ್ವ ಪೇಪರನ್ನು ಮೊದಲಿದ್ದ ಮಡಿಕೆಯ ಮೇಲೇ ಮಡಿಚಿದಳು. ಕನ್ನಡಕ ತೆಗೆದು ಅದರ ಮೇಲಿಟ್ಟಳು. ಎದ್ದು ಒಳಗೆ ಹೋಗಿ ತನ್ನ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದಳು.

ಮಧ್ಯಾಹ್ನ ಹರಿಣಿ ಹೊರಗೆ ಹೋದ ಮೇಲೆ ನಾನು ಹೋಗಿ ಅವಳ ಕಾಲ ಹತ್ತಿರ ಕೂತೆ. ಎಲ್ಲ ಹೇಳಿದೆ. ಕೂಟ, ಚೀಲ, ಸಾಹೇಬರು, ಕದ್ದ ಪುಟ, ಪದ್ಮಾ. ಹೇಳುತ್ತಾ ಹೇಳುತ್ತಾ ನನಗೇ ಮತ್ತೆ ಸಿಟ್ಟೇರಿ, "ಎಂಥ ಮೋಸಗಾರರು ನೋಡವ್ವ, ಓದಿದ ಆರು ಮನೇಲಿ ಒಬ್ರಾದ್ರೂ ಬಾಯಿ ಬಿಡಬೇಡ್ವಾ?" ಅಂದೆ. ಅವಳೂ ನನ್ನ ಜೊತೆ ಸೇರಿ ಅವರಿಗೆ ಶಾಪ ಹಾಕುತ್ತಾಳೆಂದು ಕಾದೆ.

ಅವಳು ಗೋಡೆಗೇ ಮಾತಾಡಿದಳು.

"ಆ ದೊಡ್ಡ ಮನುಸಂಗೆ ನಾನ್ಯಾರು ಅಂತ ಗೊತ್ತಿತ್ತಾ?"

"ಇಲ್ಲವ್ವ. ನಿನ್ನನ್ನ ಅವರು ನೋಡೇ ಇಲ್ಲ."

"ಆ ಪದ್ಮಂಗೆ ನಾನು ಆಣೆ ಹಾಕ್ಸಿದ್ನಾ?"

"ಇಲ್ಲ."

"ನಿಂಗೆ ಹಾಕ್ಸಿದ್ದೆ ಕಣವ್ವ."

ನಾನು ಅವಳ ಪಾದ ಹಿಡಿದುಕೊಂಡೆ. ಅವಳು ಎಳೆದುಕೊಳ್ಳಲಿಲ್ಲ. ಸುಮ್ಮನೆ ಬಿಟ್ಟಿದ್ದಳು. ಎಳೆದುಕೊಂಡಿದ್ದರೇ ಚೆನ್ನಾಗಿತ್ತು.

ಸೋಮವಾರ ಬಸ್ಸಿನಲ್ಲಿ ನೋಟ್‌ಬುಕ್ ತೆರೆದೆ. ಬರೆಯಬೇಕೆಂದಿದ್ದ ಮಾತು ಎರಡು ದಿನದಿಂದ ತಲೆಯಲ್ಲಿ ಕುದಿಯುತ್ತಿತ್ತು. ಈ ಹುಡುಗಿ ಪುಟ್ಟತಾಯಮ್ಮ, ನನ್ನ ತಾಯಿ, ಇದನ್ನು ಬರೆದವಳು ಸುಮಿತ್ರಾ ಎಂದು ಬರೆದು ದಪ್ಪಗೆ ಸಹಿ ಹಾಕಬೇಕೆಂದಿದ್ದೆ. ನಾನು ಪೆನ್ನು ಹಿಡಿದುಕೊಂಡಿದ್ದಂತೆಯೇ ಬಸ್ಸು ಸೇತುವೆ ದಾಟಿತು. ಕಡೆಗೆ "ಓದಿದೆ" ಎಂದಷ್ಟೇ ಬರೆದು ಮರುದಿನ ಚೀಲವನ್ನು ಮುಂದಿನ ಮನೆಗೆ ಕಳಿಸಿದೆ. ದಕ್ಷಿಣಾಮೂರ್ತಿಯವರಿಗೆ ಮತ್ತೆ ಫೋನ್ ಮಾಡಲಿಲ್ಲ. ಅವರೂ ಮಾಡಲಿಲ್ಲ.

ಸೋಮವಾರ ಸಂಜೆ ಎಂದಿನಂತೆ ಕನ್ನಡ ಪೇಪರ್ ತಂದು ಅವ್ವನ ಕುರ್ಚಿಯ ಮೇಲೆ, ಕನ್ನಡಕದ ಪಕ್ಕ ಇಟ್ಟಿದ್ದೆ. ಮರುದಿನ ಬೆಳಿಗ್ಗೆ ನಾನು ಡಬ್ಬಿ ಕಟ್ಟುತ್ತಿದ್ದಾಗ ಅವಳು ಬಾಲ್ಕನಿಗೆ ಬಂದಳು. ಪೇಪರ್ ಕೈಗೆತ್ತಿಕೊಂಡಳು. ನನ್ನ ಎದೆ ಸ್ವಲ್ಪ ಹಗುರಾಯಿತು. ಅವಳು ಅದನ್ನು ನೆಲದ ಮೇಲೆ ಅಗಲಕ್ಕೆ ಹಾಸಿ, ಮೇಲೆ ಬಟಾಣಿ ಸುರಿದುಕೊಂಡು, ಸಿಪ್ಪೆ ಬಿಡಿಸಲು ಕೂತಳು.

"ಅಜ್ಜೀ, ಅದು ಹೊಸಾ ಪೇಪರ್" ಎಂದಳು ಹರಿಣಿ.

"ಇರ್ಲಿ ಬಿಡು ಮಗ" ಎಂದಳು ಅವ್ವ. ನನ್ನ ಕಡೆ ನೋಡಲಿಲ್ಲ.