ಕೋಡಿಂಬಾಳದ ಸಾಕ್ಷಿ

ಮದ್ರಾಸಿನ ಕಾನೂನು ಕಾಲೇಜಿನಲ್ಲಿ ಓದುತ್ತಿದ್ದ ಮನೋರಮಾ ೧೯೬೨ರ ಬೇಸಿಗೆ ರಜೆಯಲ್ಲಿ ಕೆದಂಬಾಡಿಯ ಮನೆಗೆ ಬರಲಿಲ್ಲ. ಸಿಲೋನಿಗೆ ಹೋದಳು. ಅಲ್ಲಿನ ಚಹಾ ತೋಟಗಳಲ್ಲಿ ದುಡಿಯುವ ಲಕ್ಷಾಂತರ ಜನರನ್ನು ಆ ದೇಶ ತನ್ನವರೆನ್ನುತ್ತಿರಲಿಲ್ಲ, ಈ ದೇಶವೂ ಎನ್ನುತ್ತಿರಲಿಲ್ಲ. ಅವರ ಪೌರತ್ವದ ಅರ್ಜಿಗಳನ್ನು ಬರೆದುಕೊಡಲು ಹ್ಯಾಟನ್ ಪೇಟೆಯ ವಕೀಲರೊಬ್ಬರು ವಿದ್ಯಾರ್ಥಿಗಳನ್ನು ಕೇಳಿದ್ದರು. ಹೋದವರಲ್ಲಿ ಇವಳೊಬ್ಬಳೇ ಹುಡುಗಿ. ಪುತ್ತೂರಿನಲ್ಲಿ ವಕೀಲರಾಗಿದ್ದ ತಂದೆ ವೆಂಕಟ್ರಮಣ ಒಪ್ಪಿದರು. ತಾಯಿ ಮಾತ್ರ, ಮಗಳು ವಾಪಸು ಬರುವವರೆಗೂ ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟರು; ಜನ ಕೇಳಿದರೆ ಏನು ಹೇಳುವುದೆಂದು.

ಹ್ಯಾಟನ್ನಿನಲ್ಲಿ ಆ ವಕೀಲರ ಮನೆಯ ಜಗಲಿಯೇ ಕಚೇರಿ. ಕೂಲಿಗಳು ಸಂಜೆ ಎಲೆ ತೂಗಿಸಿ, ಒದ್ದೆ ಕಂಬಳಿ ಹೊದ್ದು ಬೆಟ್ಟ ಇಳಿದು ಬರುತ್ತಿದ್ದರು. ಎಲ್ಲಿ ಹುಟ್ಟಿದಿರಿ, ಯಾವಾಗ ಬಂದಿರಿ, ನಿಮ್ಮನ್ನು ಬಲ್ಲವರು ಯಾರು? ಮನೋರಮಾ ತನ್ನ ಅರೆಬರೆ ತಮಿಳಿನಲ್ಲಿ ಕೇಳಿ ಬರೆದುಕೊಳ್ಳುತ್ತಿದ್ದಳು. ಒಂದು ಸಂಜೆ ಮೆಟ್ಟಿಲ ಮೇಲೆ ಕೂರುತ್ತಿದ್ದ ಮುದುಕನೊಬ್ಬ ಮೊಣಕಾಲು ಹಿಡಿದುಕೊಂಡು "ಅಯ್ಯೋ ದೇವೆರೆ" ಎಂದ. ತನ್ನೂರಿನ ತುಳು ಕೇಳಿ ಅವಳ ಕೈಯಲ್ಲಿದ್ದ ಪೆನ್ನು ನಿಂತಿತು.

"ಈರ್ ಓಲ್ತಾರ್?" ಎಂದು ತುಳುವಿನಲ್ಲೇ ಕೇಳಿದಳು. ನೀವು ಎಲ್ಲಿಯವರು?

ಮುದುಕ ಅವಳನ್ನೇ ನೋಡಿದ. ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಮುಖ ಮುಚ್ಚಿಕೊಂಡ. ಅದರೊಳಗಿನಿಂದಲೇ "ಕೋಡಿಂಬಾಳ" ಎಂದ. ಅದು ಪುತ್ತೂರಿನ ಆಚೆಯ ಹಳ್ಳಿ.

ಅವನ ಹೆಸರು ಡೊಂಬಯ್ಯ ಗೌಡ. ಹರೆಯದಲ್ಲಿ, ಹೆಂಡತಿ ತಿಮ್ಮಕ್ಕನನ್ನೂ ಹಾಲು ಕುಡಿಯುವ ಮಗನನ್ನೂ ಊರಲ್ಲಿ ಬಿಟ್ಟು ಕೊಲಂಬೊದ ಹೋಟೆಲೊಂದಕ್ಕೆ ಕೆಲಸಕ್ಕೆ ಬಂದವನು. ವರ್ಷದಲ್ಲಿ ಮರಳುತ್ತೇನೆ ಎಂದಿದ್ದ. ಹೋಟೆಲು ಮುಚ್ಚಿತು. ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ ತೋಟ ಸೇರಿದ. ಅಷ್ಟರಲ್ಲಿ ಯುದ್ಧ ಬಂತು. ಆಮೇಲೆ ಅಲ್ಲಿಯ ಹೆಣ್ಣೊಬ್ಬಳ ಜೊತೆ ಸಂಸಾರ ಹೂಡಿದ. ಅವಳು ತೀರಿಕೊಂಡು, ಈಗ ಉಳಿದಿದ್ದವಳು ಮಗಳು ಸತ್ಯವತಿ ಒಬ್ಬಳೇ. ಅಲ್ಲಿನ ಸರಕಾರ ಅವನ ಅರ್ಜಿಯನ್ನು ತಳ್ಳಿಹಾಕಿತ್ತು. ಭಾರತದ ಕಚೇರಿಯವರು, ನೀನು ಭಾರತದಲ್ಲಿ ಹುಟ್ಟಿದವನೆಂದು ಬಲ್ಲವರು ಪ್ರಮಾಣ ಮಾಡಿ ಹೇಳಲಿ ಎಂದಿದ್ದರು. ಹುಟ್ಟಿನ ದಾಖಲೆ ಇರಲಿಲ್ಲ. ತಂದೆತಾಯಿ ಸತ್ತಿದ್ದರು.

"ಬಲ್ಲವರು ಯಾರಿದ್ದಾರೆ?" ಎಂದಳು ಮನೋರಮಾ.

"ತಿಮ್ಮಕ್ಕ. ನನ್ನ ಸೋದರತ್ತೆಯ ಮಗಳೇ ಅವಳು. ಒಟ್ಟಿಗೆ ಬೆಳೆದವರು." ಜೊತೆಗೆ ಬಂದಿದ್ದ ಮಗಳ ಕಡೆ ಕೈ ತೋರಿಸಿ ಹೇಳಿದ: "ಇದ್ದಾಳಾ ಇಲ್ಲವಾ ಗೊತ್ತಿಲ್ಲ. ಇದ್ದರೆ, ನನ್ನ ಮುಖ ನೋಡಿ ಕೇಳಬೇಡಿ ಅಮ್ಮ. ಈ ಹುಡುಗಿಯ ಮುಖ ನೋಡಿ ಕೇಳಿ."

ಜೂನಿನಲ್ಲಿ ಊರಿಗೆ ಬಂದ ಮನೋರಮಾ ಕಡಬದ ಬಸ್ಸು ಹತ್ತಿದಳು. ಕೋಡಿಂಬಾಳದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ತಿಮ್ಮಕ್ಕ ಜಗಲಿಯಲ್ಲಿ ಕೂತು ಅಂಗಳ ಗುಡಿಸುವ ಹಿಡಿಸೂಡಿಗೆ ತೆಂಗಿನ ಗರಿಯ ಕಡ್ಡಿ ಸಿಗಿಯುತ್ತಿದ್ದಳು. ಬಂದವಳಿಗೆ ಬೆಲ್ಲ, ನೀರು ಕೊಟ್ಟಳು. ಕತ್ತು, ಕೈ ಬೋಳಾಗಿದ್ದವು.

"ತಿಮ್ಮಕ್ಕ, ಡೊಂಬಯ್ಯ ಗೌಡರು ಬದುಕಿದ್ದಾರೆ. ನಾನೇ ನೋಡಿ ಮಾತಾಡಿ ಬಂದೆ."

ಕತ್ತಿ ಹಿಡಿದ ಕೈ ನಿಂತಿತು. "ಎಂತ ಹೇಳ್ತೀರಿ ನೀವು? ಹನ್ನೆರಡು ವರ್ಷ ಕಾದು, ಹಿರಿಯರು ದರ್ಭೆಯ ಬೊಂಬೆ ಸುಟ್ಟು ಬೊಜ್ಜ, ತಿಥಿ ಎಲ್ಲ ಮಾಡಿದ್ದಾರೆ. ನನ್ನ ಕರಿಮಣಿ ತೆಗೆದು ಹೊಳೆಗೆ ಬಿಟ್ಟಿದ್ದಾರೆ."

ಮನೋರಮಾ ಉಳಿದದ್ದನ್ನೂ ಹೇಳಿದಳು. ಅಲ್ಲಿಯ ಹೆಂಡತಿ, ಅವಳ ಸಾವು, ಮಗಳು, ಈಗ ಬೇಕಾಗಿರುವ ಸಾಕ್ಷಿ. ಯಾವುದನ್ನೂ ಬಿಡಲಿಲ್ಲ. ತಿಮ್ಮಕ್ಕ ಎದ್ದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಅಂಗಳದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮಗ ದುಗ್ಗಪ್ಪ ಹತ್ತಿರ ಬಂದ.

"ಅಕ್ಕ, ನೀವು ಬಂದದ್ದು ಸಂತೋಷ. ಇನ್ನು ಹೋಗಿ. ನನ್ನ ಅಪ್ಪ ಸತ್ತು ಎಷ್ಟೋ ಕಾಲ ಆಯಿತು."

ರಾತ್ರಿ ಊಟಕ್ಕೆ ಕೂತಾಗ ವೆಂಕಟ್ರಮಣರು ಮಗಳ ಮುಖ ನೋಡಿಯೇ ಸಂಗತಿ ಊಹಿಸಿದರು. "ಎರಡನೇ ಸಂಸಾರದ ಸುದ್ದಿ ಎಂತಕ್ಕೆ ಹೇಳಿದ್ದು ನೀನು? ಕೇಸಿಗೆ ಬೇಕಾದ್ದು ಅವ ಇಲ್ಲಿ ಹುಟ್ಟಿದ್ದು ಮಾತ್ರ. ಅಷ್ಟು ಹೇಳಿದ್ದರೆ ಆ ಹೆಂಗಸು ಸಂತೋಷದಲ್ಲೇ ಬರ್ತಿದ್ದಳು."

"ಅಪ್ಪ, ಹ್ಯಾಟನ್ನಿನಲ್ಲಿ ಜನ ಬಂದು ಹೇಳುದು ಒಂದೇ. ಯಾರೋ ಇಲ್ಲಿ ಹೆಬ್ಬೆಟ್ಟು ಒತ್ತು ಹೇಳಿದ್ರು, ಒತ್ತಿದೆವು, ಎಂತಕ್ಕೆ ಅಂತ ಗೊತ್ತಿಲ್ಲ ಅಂತ. ತಿಮ್ಮಕ್ಕನ ಹತ್ರ ನಾನೂ ಅದನ್ನೇ ಮಾಡುದಾ?"

ವೆಂಕಟ್ರಮಣರು ಮಜ್ಜಿಗೆ ಬಡಿಸಿಕೊಂಡರು. "ಹಾಗಾದರೆ ಸೋಲಲಿಕ್ಕೂ ತಯಾರಿರು" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ.

ಅವಳು ಸೋತೆನೆಂದೇ ತಿಳಿದು ಮದ್ರಾಸಿಗೆ ಹೊರಡುವ ತಯಾರಿಯಲ್ಲಿದ್ದಳು. ಅಂಥ ಒಂದು ಬೆಳಿಗ್ಗೆ ತಂದೆಯ ಜೊತೆ ಪುತ್ತೂರಿನ ಕೋರ್ಟಿಗೆ ಹೋದಾಗ ತಿಮ್ಮಕ್ಕ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಒಬ್ಬಳೇ ಬಂದಿದ್ದಳು.

"ನಾನು ಹೇಳದಿದ್ದರೆ ಆ ಹುಡುಗಿಗೆ ಎಂತ ಆಗ್ತದೆ?"

"ಅಪ್ಪನಿಗೆ ಊರಿಲ್ಲ ಅಂತಾದರೆ ಅವಳಿಗೂ ಇಲ್ಲ. ಅಪ್ಪ ಹೋದ ಮೇಲೆ ತೋಟದವರು ಮನೆ ಬಿಡಿಸಿದರೆ, ಎಲ್ಲಿಗೆ ಹೋಗು ಅಂತ ಹೇಳುವವರೂ ಇಲ್ಲ."

ತಿಮ್ಮಕ್ಕ ರಸ್ತೆಯ ಕಡೆಗೆ ನೋಡುತ್ತ ಮಾತಾಡಿದಳು. "ಅವ ಹೋದ ಮೇಲೆ ಗಂಡನ ಮನೆಯವರು ತವರಿಗೆ ಹೋಗು ಹೇಳಿದ್ರು. ತವರಿನವರು, ನಿನ್ನ ಮನೆ ಅದೇ ಅಲ್ವಾ ಹೇಳಿದ್ರು. ದುಗ್ಗಪ್ಪನನ್ನು ಎತ್ತಿಕೊಂಡು ನಡುವಿನ ಗುಡ್ಡೆಯಲ್ಲಿ ಕೂತಿದ್ದೆ ನಾನು. ಕತ್ತಲೆ ಆಗುವವರೆಗೆ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅವನನ್ನು ನಾನು ಬಿಟ್ಟಾಗಿದೆ. ಹುಡುಗಿ ಎಂತ ಮಾಡಿದ್ದಾಳೆ, ಪಾಪ. ಎಲ್ಲಿ ಹೇಳಬೇಕು, ನಡೀರಿ."

ಒಳಗೆ ಮ್ಯಾಜಿಸ್ಟ್ರೇಟರು ಪ್ರಮಾಣ ಮಾಡಿಸಿ, ಡೊಂಬಯ್ಯನನ್ನು ನೀವು ಹೇಗೆ ಬಲ್ಲಿರಿ ಎಂದು ಕೇಳಿದರು.

"ಸೋದರಮಾವನ ಮಗ" ಎಂದಳು ತಿಮ್ಮಕ್ಕ. ಅಷ್ಟೇ ಸಾಕಿತ್ತು. ಗುಮಾಸ್ತ ಬರೆದೂ ಆಗಿತ್ತು. ಆದರೆ ಅವಳು ಕಟಕಟೆಯ ಮರ ಹಿಡಿದು ನಿಂತೇ ಇದ್ದಳು. "ಗಂಡ. ಅದನ್ನೂ ಬರೀರಿ" ಎಂದಳು. ಹೊರಗೆ ಕಡಬದ ಕಡೆಯವರು ನಾಲ್ಕು ಜನ ನಿಂತಿದ್ದರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಗುವುದೆಂದು ಅವಳಿಗೂ ಗೊತ್ತಿತ್ತು.

ಊರು ಆಡಿಕೊಂಡಿತು. ದುಗ್ಗಪ್ಪ ಆ ಮಳೆಗಾಲವಿಡೀ ತಾಯಿಯ ಹತ್ತಿರ ಮಾತು ಬಿಟ್ಟ. ಕಾಗದಗಳು ಕಚೇರಿಯಿಂದ ಕಚೇರಿಗೆ ನಿಧಾನವಾಗಿ ಸಾಗಿದವು. ಪಾಸ್‌ಪೋರ್ಟು ಮಂಜೂರಾದಾಗ ಡೊಂಬಯ್ಯ ತೋಟದ ಆಸ್ಪತ್ರೆಯಲ್ಲಿ ಎದೆಯ ಕಾಯಿಲೆಯಿಂದ ತೀರಿಕೊಂಡಿದ್ದ. ಅವನ ಹುಟ್ಟಿಗೆ ಸಿಕ್ಕ ಸಾಕ್ಷಿಯ ಬಲದಿಂದ ಮಗಳಿಗೆ ಮಾತ್ರ ದಾರಿ ತೆರೆಯಿತು.

ಹಡಗಿಳಿದು ಬಂದ ಸತ್ಯವತಿಯನ್ನು ರಾಮೇಶ್ವರದ ಹತ್ತಿರದ ಮಂಟಪಂ ಶಿಬಿರದಿಂದ ಕರೆತರಲು ಮನೋರಮಾಳ ಜೊತೆ ಹೋದವನು ದುಗ್ಗಪ್ಪ. ತಾಯಿ ಹೇಳಿರಲಿಲ್ಲ, ಅವನೇ ಹೊರಟಿದ್ದ. ದಾರಿಯುದ್ದಕ್ಕೂ ತಂಗಿಯ ಹತ್ತಿರ ಆಡಿದ ಮಾತು, "ಹಸಿವಾಗ್ತದಾ?" ಎಂಬುದಷ್ಟೇ. ಮನೆಯಲ್ಲಿ ತಿಮ್ಮಕ್ಕ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಚ್ಚಲಿನ ಬಿಸಿನೀರು ತೋರಿಸಿದಳು. ಅಪ್ಪಿಕೊಳ್ಳಲಿಲ್ಲ. ಸತ್ಯವತಿ ಎಷ್ಟೋ ವಾರ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮನೋರಮಾಳಿಗೆ ಈ ಸುದ್ದಿ ಮುಟ್ಟಿದಾಗಲೆಲ್ಲ, ತಾನು ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಎದ್ದು ಓದು ತಲೆಗೆ ಹತ್ತುತ್ತಿರಲಿಲ್ಲ.

ಓದು ಮುಗಿಸಿ ಪುತ್ತೂರಿನಲ್ಲಿ ಕಪ್ಪು ಕೋಟು ಹಾಕಿದ ಮೇಲೆ ಅವಳು ಒಮ್ಮೆ ಕೋಡಿಂಬಾಳಕ್ಕೆ ಹೋದಳು. ಸತ್ಯವತಿ ಅಣ್ಣನ ಜೊತೆ ರಬ್ಬರು ಹಾಲು ತೆಗೆಯುವ ಕೆಲಸಕ್ಕೆ ಹೋಗಲು ತೊಡಗಿದ್ದಳು. ಅಂಗಳಕ್ಕೆ ಕಾಲಿಡುವಾಗಲೇ ಒಳಗಿನಿಂದ ಜಗಳದ ಸ್ವರ ಕೇಳಿತು.

"ಇದು ಚಾ ಅಲ್ಲ, ಹೊಟ್ಟು! ನಮ್ಮಲ್ಲಿ ಇದನ್ನು ಗುಡಿಸಿ ಎಸೀತಾರೆ" ಎಂದು ಸತ್ಯವತಿ ತಮಿಳು ಬೆರೆತ ತುಳುವಿನಲ್ಲಿ ಕೂಗುತ್ತಿದ್ದಳು.

"ನಿಮ್ಮಲ್ಲಿ ಅಂದರೆ ಎಲ್ಲಿ ಮಾರಾಯ್ತಿ? ಇದ್ದದ್ದು ಕುಡಿ, ಇಲ್ಲದಿದ್ದರೆ ಗಂಜಿ ತಿಳಿ ಉಂಟು" ಎಂದಳು ತಿಮ್ಮಕ್ಕ. ಹೊರಗೆ ನಿಂತವಳನ್ನು ಕಂಡು, "ಬನ್ನಿ, ಬನ್ನಿ. ಇವಳನ್ನು ಎಲ್ಲಿಂದ ತಂದಿರೋ, ಬೆಳಗಾದರೆ ನನ್ನ ಚಾದ್ದೇ ಕತೆ" ಎಂದು ನಕ್ಕಳು.

ಮನೋರಮಾ ಜಗಲಿಯಲ್ಲಿ ಕೂತಳು. ಸತ್ಯವತಿ ಲೋಟ ತಂದು ಕೈಗಿತ್ತಳು. ಚಾ ನಿಜಕ್ಕೂ ಕಹಿಯಾಗಿತ್ತು. ಅವಳು ಅದನ್ನು ಪೂರ್ತಿ ಕುಡಿದು, ಇನ್ನೂ ಸ್ವಲ್ಪ ಕೇಳಿದಳು.