ಎಲೆ ಹೊದಿಸಿದ್ದನ್ನು ಕಂಡವರು

ಇದನ್ನು ಹೇಳುವಷ್ಟು ಓದು ನನ್ನದಲ್ಲ. ನಮ್ಮ ಮಸಿಂಡಿ ಪಟ್ಟಣದಲ್ಲಿ ಕಾಡನ್ನು ಬಲ್ಲವರು ಬಹಳ ಜನ ಇದ್ದಾರೆ, ಪುಸ್ತಕ ಬಲ್ಲವರೂ ಇದ್ದಾರೆ. ತಪ್ಪು ಕಂಡರೆ ಅವರು ತಿದ್ದಲಿ, ಉಳಿದವರು ಹೊಟ್ಟೆಗೆ ಹಾಕಿಕೊಳ್ಳಲಿ.

ಕುಗೊಂಜಾ ಹಗಲು ಪಟ್ಟಣದ ಲೈಬ್ರರಿಯಲ್ಲಿ ಪುಸ್ತಕಗಳಿಗೆ ಮುದ್ರೆ ಒತ್ತುತ್ತಿದ್ದಳು, ಸಂಜೆ ಡಿಪ್ಲೊಮಾ ತರಗತಿಗೆ ಹೋಗುತ್ತಿದ್ದಳು. ಬಾಕಿ ಇದ್ದದ್ದು ಕೊನೆಯ ಪ್ರಬಂಧ ಒಂದೇ. ಅದು ಪಾಸಾದರೆ ಲೈಬ್ರರಿಯ ಖಾಯಂ ಹುದ್ದೆ, ಇಲ್ಲವಾದರೆ ಇನ್ನೊಂದು ವರ್ಷ ಅದೇ ಮುದ್ರೆ. ಚಿಂಪಾಂಜಿಗಳು ತಮ್ಮ ಸತ್ತ ಮರಿಗಳನ್ನು ಏನು ಮಾಡುತ್ತವೆ ಎಂಬ ವಿಷಯವನ್ನು ಅವಳೇ ಆರಿಸಿಕೊಂಡಿದ್ದಳು. ಬುಡೊಂಗೊ ಕಾಡಿನ ಸೀಮೆಯಲ್ಲಿ ಹುಟ್ಟಿದವಳಿಗೆ ಇದು ಸುಲಭವೆನಿಸಿತ್ತು. ಮೇಷ್ಟ್ರು ಬಿಟಮಜಿರೆ ಅವರ ನಿಯಮ ಎಲ್ಲರಿಗೂ ಗೊತ್ತಿತ್ತು: ಆಕರಗಳು ನಾಲ್ಕಕ್ಕಿಂತ ಕಡಿಮೆ ಇರಬಾರದು, ಪ್ರತಿಯೊಂದನ್ನೂ ತೂಗಿ ನೋಡಿರಬೇಕು.

ನಾಲ್ಕು ಸಿಕ್ಕವು. ನಾಲ್ಕೂ ಒಂದೇ ಮಾತು ಹೇಳುತ್ತಿದ್ದವು: ಬುಡೊಂಗೊದಲ್ಲಿ ತಾಯಿ ಚಿಂಪಾಂಜಿಯೊಂದು ಸತ್ತ ಮರಿಗೆ ಎಲೆ ಹೊದಿಸಿತು. ಅಡಿಟಿಪ್ಪಣಿಗಳನ್ನು ಅವಳು ನೋಡಿದ್ದು ಜಾಣತನದಿಂದಲ್ಲ, ಹೆದರಿಕೆಯಿಂದ. ಮೂರು ಪುಸ್ತಕಗಳು ನಾಲ್ಕನೆಯದರತ್ತ ಕೈತೋರಿಸಿದವು. ಅದು ಕೆಳಗಿನ ಕಪಾಟಿನಲ್ಲಿ ಗೆದ್ದಲು ಹಿಡಿದು ಬಿದ್ದಿದ್ದ ಹಳೆಯ ವರದಿ. ಅದರಲ್ಲಿ ಹೀಗಿತ್ತು: 'ಇದನ್ನು ಇಬ್ಬರು ಬೇರೆ ಬೇರೆಯಾಗಿ ದಾಖಲಿಸಿದ್ದಾರೆ, ಅಪುಲಿ ಮತ್ತು ಕಟುರಾಮು.'

ಪುಸ್ತಕ ಮೂರು ಹೋದರೂ ಸಾಕ್ಷಿ ಇಬ್ಬರಿದ್ದಾರಲ್ಲ ಎಂದುಕೊಂಡಳು. ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಕಟುರಾಮು ಕಾಡಂಚಿನ ಹಳ್ಳಿಯಲ್ಲಿ ಇನ್ನೂ ಇದ್ದಾನೆಂದು ಸಂತೆಯಲ್ಲಿ ಕಿವಿಗೆ ಬಿತ್ತು. ಭಾನುವಾರ ಇಗರ್ಜಿಯಿಂದ ನೇರವಾಗಿ ಬಾಡಿಗೆ ಬೈಕು ಹತ್ತಿದಳು.

ಮುದುಕ ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ.

"ನಿನ್ನ ಎಂಪಾಕೊ ಏನಮ್ಮ?"

"ಅಬ್ವೋಲಿ."

"ಬಾ ಅಬ್ವೋಲಿ, ಕೂತ್ಕೊ. ನಾನು ಅಪುಲಿ."

ಕುಗೊಂಜಾ ಕೂರಲಿಲ್ಲ. ಎಂಪಾಕೊ ಎಂದರೆ ಸ್ವಂತ ಹೆಸರಿನ ಜೊತೆಗೆ ಹಿರಿಯರು ಇಡುವ ಅಕ್ಕರೆಯ ಹೆಸರು. ಇರುವುದು ಹನ್ನೆರಡೋ ಏನೋ, ಇಡೀ ನಾಡು ಅವನ್ನೇ ಹಂಚಿಕೊಂಡಿದೆ. ಹಳ್ಳಿಗೆ ಹತ್ತು ಜನ ಅಪುಲಿ ಸಿಗುತ್ತಾರೆ. ಆದರೂ ಕೇಳಿದಳು.

"ಅಜ್ಜಾ, ಕಾಡಲ್ಲಿ ನಿಮ್ಮ ಜೊತೆ ಇನ್ನೊಬ್ಬ ಅಪುಲಿ ಇದ್ನಾ?"

"ಯಾವ ಇನ್ನೊಬ್ಬ? ಹಾಜರಿ ಪುಸ್ತಕದಲ್ಲಿ ನಾನು ಕಟುರಾಮು. ಬಾಯಲ್ಲಿ ಎಲ್ರಿಗೂ ಅಪುಲಿ. ನಾನು ಕಂಡಿದ್ದನ್ನ ನನ್ನ ನೋಟ್‌ಬುಕ್ಕಲ್ಲಿ ಬರೀತಿದ್ದೆ. ಸಾಯಂಕಾಲ ಚಿಂಪಾಂಜಿ ನೋಡೋಕೆ ಬಂದಿದ್ದ ಸಾಹೇಬ್ರಿಗೆ ಹೇಳ್ತಿದ್ದೆ, ಅವರು ತಮ್ಮದರಲ್ಲಿ 'ಅಪುಲಿ ಹೇಳಿದ' ಅಂತ ಬರ್ಕೊಳ್ತಿದ್ರು. ಹೋಗುವಾಗ ಎರಡನ್ನೂ ಅವರ ದೇಶಕ್ಕೆ ತಗೊಂಡು ಹೋದ್ರು. ಅವನ್ನ ನೋಡಿ ವರದಿ ಬರೆದೋರು ಅಲ್ಲಿ ಬೇರೆ ಯಾರೋ ಅಂತೆ."

ಅವಳು ವರದಿಯ ಸಾಲನ್ನು ಓದಿ ಹೇಳಿದಳು. ಮುದುಕ ಕೆಮ್ಮು ಬರುವಷ್ಟು ನಕ್ಕ.

"ಕೇಳಿದ್ಯೇನೇ?" ಎಂದು ಒಳಗಿದ್ದ ಹೆಂಡತಿಗೆ ಕೂಗಿದ. "ಪುಸ್ತಕದಲ್ಲಿ ನಾನು ಇಬ್ಬರಂತೆ!"

"ಇರೋ ಒಬ್ಬನಿಂದ ಏನೂ ಆಗ್ತಿಲ್ಲ," ಒಳಗಿಂದ ಉತ್ತರ ಬಂತು. "ಆ ಇನ್ನೊಬ್ಬನ್ನ ನೀರಿಗೆ ಕಳ್ಸು."

ಕುಗೊಂಜಾಳಿಗೆ ನಗು ಬರಲಿಲ್ಲ. "ನೀವು ಕಂಡಿದ್ದು ಏನಜ್ಜಾ?"

"ಅತ್ತಿಮರದ ಕೆಳಗೆ ಮರಿ ಬಿದ್ದಿತ್ತು. ತಾಯಿ ಪಕ್ಕದಲ್ಲಿ ಕೂತು ಎಲೆ ಕೀಳ್ತಿತ್ತು. ಆಮೇಲೆ ನೋಡಿದ್ರೆ ಮರಿ ಮೇಲೆ ಎಲೆ."

"ತಾಯೀನೇ ಹಾಕ್ತಾ?"

"ಮಧ್ಯೆ ಪೊದೆ ಇತ್ತಲ್ಲ ಅಬ್ವೋಲಿ. ಸಾಹೇಬ್ರು 'ತಾಯಿ ಹೊದಿಸ್ತಾ?' ಅಂದ್ರು. ನಾನು 'ಇರಬೇಕು' ಅಂದೆ. ಯಾಕೆ, ಆ 'ಇರಬೇಕು' ಪುಸ್ತಕದಲ್ಲಿ ಇಲ್ವಾ?"

"ಇಲ್ಲ ಅಜ್ಜಾ."

ಪ್ರಬಂಧದ ಕೊನೆಯ ಪುಟದಲ್ಲಿ ಅವಳು ಇದನ್ನೆಲ್ಲ ಬರೆದಳು. ನಾಲ್ಕು ಪುಸ್ತಕ ಒಂದೇ ಪುಸ್ತಕ, ಇಬ್ಬರು ಒಬ್ಬನೇ ಮನುಷ್ಯ, ಅವನ ಮುಂದೆ ಒಂದು ಪೊದೆ. ಮೇಷ್ಟ್ರು ಅವಳನ್ನು ಕರೆಸಿದರು.

"ಅಬ್ವೋಲಿ, ಮುದುಕನ ಮಾತು ಅಚ್ಚಾಗಿಲ್ಲ, ಅದು ಆಕರ ಅಲ್ಲ. ನಿನ್ನ ಲೆಕ್ಕದಲ್ಲೇ ಉಳಿಯೋದು ಒಂದು ಆಕರ. ಒಂದಕ್ಕೆ ಪಾಸ್ ಮಾಡಕ್ಕಾಗಲ್ಲ. ಈ ಪುಟ ತೆಗಿ, ನಾಲ್ಕೂ ಉಳೀತವೆ."

"ತೂಗಿ ನೋಡು ಅಂದೋರು ನೀವೇ ಅಲ್ವಾ ಸರ್?"

"ತೂಗು ಅಂದೆ. ತಕ್ಕಡೀನೇ ಮುರಿ ಅಂದ್ನಾ?"

ಅವಳು ಪುಟವನ್ನು ತೆಗೆದೇ ತೆಗೆದಳು. ಎರಡು ದಿನ ಅದು ಕೈಚೀಲದಲ್ಲಿತ್ತು. ಮೂವತ್ತು ವರ್ಷದ ಹಿಂದಿನ ನೆನಪು ಎಷ್ಟು ಗಟ್ಟಿ? ಅಂದೇ ಬರೆದ ನೋಟ್‌ಬುಕ್ಕಿನಲ್ಲಿ ಮುದುಕ 'ಹೊದಿಸಿತು' ಎಂದೇ ಬರೆದಿದ್ದರೆ? ಪೊದೆ ಆಮೇಲೆ ಅವನ ನೆನಪಿನಲ್ಲಿ ಬೆಳೆದದ್ದಾದರೆ? ಈ ಅನುಮಾನಗಳೂ ನ್ಯಾಯವಾದವೇ ಅನಿಸಿತು. ಹಾಗಾಗಿ ಅವನ್ನೂ ಅದೇ ಪುಟದ ಕೆಳಗೆ ಬರೆದು, ಪುಟವನ್ನು ಮತ್ತೆ ಹೊಲಿದು, ಶುಕ್ರವಾರ ಒಪ್ಪಿಸಿದಳು.

'ಆಕರಗಳು ಸಾಲವು' ಎಂಬ ಷರಾದೊಂದಿಗೆ ಪ್ರಬಂಧ ವಾಪಸು ಬಂತು. ಹುದ್ದೆ ಹೋಯಿಮಾ ಪಟ್ಟಣದಿಂದ ಬಂದ ಒಬ್ಬರಿಗೆ ಹೋಯಿತು. ಕುಗೊಂಜಾ ಈ ವರ್ಷವೂ ಸಂಜೆ ತರಗತಿಗೆ ಹೋಗುತ್ತಿದ್ದಾಳೆ, ಹಗಲು ಮುದ್ರೆ ಒತ್ತುತ್ತಿದ್ದಾಳೆ.

ಆ ಎರಡು ನೋಟ್‌ಬುಕ್ಕುಗಳು ಈಗ ಯಾರ ಹತ್ತಿರ ಇವೆಯೋ ತಿಳಿದಿಲ್ಲ. ತಾಯಿ ಎಲೆ ಹೊದಿಸಿತೋ, ಅಥವಾ ತಿನ್ನುವಾಗ ಅದರ ಕೈಯಿಂದ ಎಲೆ ಜಾರಿ ಬಿದ್ದವೋ, ಅದೂ ನನಗೆ ಗೊತ್ತಿಲ್ಲ.