ಮುದುಕಿಯ ಅಧ್ಯಾಯ

“ಆ ಮುದ್ಕಿ ಮಾಡಿದ್ರಲ್ಲಿ ಏನ್ ತಪ್ಪೈತೆ?” ಇಂದ್ರಮ್ಮ ಅವರೆಕಾಯಿ ಸುಲಿಯುತ್ತಲೇ ಕೇಳಿದಳು. “ಮನೆ ಅಂದ್ಮೇಲೆ ಒಂದ್ ಗಂಡು ಬ್ಯಾಡ್ವಾ?”

ಸೊಸೆ ದೀಪಿಕ ಪುಸ್ತಕದಿಂದ ತಲೆಯೆತ್ತಲಿಲ್ಲ. ದೂರಶಿಕ್ಷಣದಲ್ಲಿ ಎಂ.ಎ. ಇಂಗ್ಲಿಷ್ ಕಟ್ಟಿದ್ದ ಅವಳಿಗೆ ನೈಜೀರಿಯಾದ ಲೇಖಕಿಯೊಬ್ಬಳ ಹೊಸ ಕಾದಂಬರಿ ಪಠ್ಯವಾಗಿತ್ತು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ದುದ್ದ ಗ್ರಾಮದ ಆ ಮನೆಯ ಜಗುಲಿಯಲ್ಲಿ ಕೂತು ತಾನು ಓದಿಕೊಳ್ಳುವುದು, ಅತ್ತೆಗೆ ಕನ್ನಡದಲ್ಲಿ ಹೇಳುವುದು. ಹತ್ತು ದಿನದಿಂದ ಹೀಗೇ ನಡೆದಿತ್ತು. ಕಾದಂಬರಿಯ ಮುದುಕಿ ಅತ್ತೆ ಎರಡು ಹೆಣ್ಣು ಹೆತ್ತ ಸೊಸೆಯನ್ನು ಮಕ್ಕಳ ಸಮೇತ ಹೊರಗಟ್ಟಿದ ಭಾಗ ನಿನ್ನೆಗೆ ಮುಗಿದಿತ್ತು. ಆ ಅತ್ತೆಯೇ ಖಳನಾಯಕಿ ಎಂದು ದೀಪಿಕ ಅಸೈನ್‌ಮೆಂಟಿನಲ್ಲಿ ಬರೆದೂ ಇಟ್ಟಿದ್ದಳು.

ಬರೆಯುವಾಗ ಅವಳ ಕಣ್ಣ ಮುಂದಿದ್ದದ್ದು ಇಂದ್ರಮ್ಮನೇ. ದೀಪಿಕಳಿಗೆ ನಾಲ್ಕು ವರ್ಷದ ಮಗಳಿದ್ದಳು. ಈಗ ಮತ್ತೆ ನಾಲ್ಕನೇ ತಿಂಗಳು. ಮಳವಳ್ಳಿ ಕಡೆಯ ಒಂದು ತೋಟದ ಮನೆಗೆ ಯಾರೋ ಮೆಷಿನ್ ತಂದು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಹೇಳುತ್ತಾರೆ, ಹೆಣ್ಣಾದರೆ ಅಲ್ಲೇ ತೆಗೆದು ಕಳಿಸುತ್ತಾರೆ ಎಂಬ ಸುದ್ದಿ ತಂದವಳು ಇಂದ್ರಮ್ಮ. ಕಾರು ಗೊತ್ತು ಮಾಡಿದವನು ಮಗ ಯತೀಶ. ನಾಳೆ ಬೆಳಿಗ್ಗೆ ಆರಕ್ಕೆ ಹೊರಡಬೇಕು. ದೀಪಿಕ ಹೂಂ ಎಂದಿರಲಿಲ್ಲ. ಅವಳನ್ನು ಯಾರೂ ಕೇಳಿರಲೂ ಇಲ್ಲ.

ಹೊಸ ಅಧ್ಯಾಯ ತೆರೆದಾಗ ಅವಳಿಗೆ ಇರಿಸುಮುರಿಸಾಯಿತು. ಅದು ಪೂರ್ತಿ ಆ ಮುದುಕಿಯದೇ.

“ಆ ಅಜ್ಜಿಗೂ ಮೊದಲು ಒಂದು ಹೆಣ್ಣುಮಗು ಆಗಿತ್ತಂತೆ ಅತ್ತೆ. ಮನೆಯವರು ಉಳಿಸಲಿಲ್ಲ. ಅವಳು ಯಾರ ಹತ್ರಾನೂ ಬಾಯಿಬಿಟ್ಟಿಲ್ಲ. ಸಂತೆಗೆ ಹೋದಾಗೆಲ್ಲ ಒಂದು ಫ್ರಾಕು ಎತ್ಕೊಂಡು ನೋಡ್ತಾಳೆ, ರೇಟು ಕೇಳ್ತಾಳೆ, ಅಲ್ಲೇ ಇಟ್ಟು ಬರ್ತಾಳೆ. ವರ್ಷ ವರ್ಷಾನೂ ಒಂದು ಸೈಜ್ ದೊಡ್ಡದು ಕೇಳ್ತಾಳೆ.”

ಇಂದ್ರಮ್ಮನ ಕೈ ನಿಂತಿತು. “ಇದ್ನ ಬರ್ದೋಳು ಎಂಗ್ಸಾ?”

“ಹೂಂ.”

“ಅವ್ಳಿಗ್ಯಾರ್ ಏಳುದ್ರು?”

“ಯಾರೂ ಹೇಳಿರಲ್ಲ ಅತ್ತೆ. ಅವಳೇ ಯೋಚನೆ ಮಾಡಿ ಬರ್ದಿರ್ತಾಳೆ.”

ಇಂದ್ರಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದಳು. ತಲೆನೋವೆಂದು ಊಟಕ್ಕೂ ಏಳಲಿಲ್ಲ. ದೀಪಿಕ ಖಳನಾಯಕಿ ಎಂದಿದ್ದ ಕಡೆಯೆಲ್ಲ ಹೊಡೆದುಹಾಕಿದಳು. ಅದರ ಜಾಗಕ್ಕೆ ಏನು ಬರೆಯಬೇಕೋ ಹೊಳೆಯಲಿಲ್ಲ.

ಬೆಳಿಗ್ಗೆ ಬಾಗಿಲಲ್ಲಿ ಕಾರು ಹಾರನ್ ಹೊಡೆಯಿತು.

“ನಾನು ಬರಲ್ಲ,” ಎಂದಳು ದೀಪಿಕ.

“ಈಗ ಏಳ್ತಿದ್ದೀಯಾ ಇದ್ನ?” ಯತೀಶನ ದನಿ ಏರಿತು. “ಅವ್ವ, ನೀನಾರ ಏಳು ಇವ್ಳಿಗೆ.”

ಇಂದ್ರಮ್ಮ ಇಬ್ಬರನ್ನೂ ದಾಟಿಕೊಂಡು ಬೀದಿಗೆ ಹೋದಳು. ಕಾರಿನ ಕಿಟಕಿಗೆ ಬಗ್ಗಿ, “ಬ್ಯಾಡ ಕಣಪ್ಪ, ಓಗು. ಇನ್ನು ಬರ್ಬ್ಯಾಡ,” ಅಂದಳು.

ಯತೀಶ ಓಡಿಬಂದು ಅವಳ ತೋಳು ಹಿಡಿದ. “ನೀನೇ ತಾನೆ ಜಾಗ ಏಳಿದ್ದು? ತಲೆಗಿಲೆ ಕೆಟ್ಟೋಯ್ತಾ ನಿಂಗೆ?”

“ಊಂ ಕಣ್ಲಾ, ನಾನೇಯ ಏಳಿದ್ದು. ಬುಡು ಕೈಯ.”

ಕಾರು ಹಿಂದಕ್ಕೆ ತಿರುಗಿತು. ಯತೀಶ ಯಾರ ಮುಖವನ್ನೂ ನೋಡದೆ ಬೈಕು ಹತ್ತಿ ಹೋದ. ಅವನು ಇದನ್ನು ಇಲ್ಲಿಗೆ ಬಿಡುವವನಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ದೀಪಿಕ ತಂದುಕೊಟ್ಟ ಕಾಫಿಯನ್ನು ಇಂದ್ರಮ್ಮ ಜಗುಲಿಯ ಮೇಲೆ ಇಟ್ಟುಕೊಂಡಳು.

“ಯತೀಶಂಗಿಂತ ಮುಂಚೆ ಒಂದ್ ಎಣ್ ಕೂಸಾಗಿತ್ತು ಕಣವ್ವ. ನಮ್ಮತ್ತೆ ಎತ್ಕೊಂಡೋದ್ಲು. ನಾನು ಗ್ವಾಡೆ ಕಡೀಕೆ ತಿರೀಕೊಂಡು ಮನ್ಗಿದ್ದೆ. ಒಂದ್ ಎಸ್ರಿಕ್ಕಿ ಕರ್ದೂ ಇರ್ನಿಲ್ಲ ಅದ್ನ.”

ದೀಪಿಕ ಅವಳ ಪಕ್ಕದಲ್ಲೇ ಕೂತಳು. ಲೋಟದಲ್ಲಿ ಕಾಫಿಯ ಮೇಲೆ ಕೆನೆ ಕಟ್ಟುತ್ತಾ ಬಂತು.